ಆವಿಗೆಯ ಬಳಿಯಲ್ಲಿ ಕಲಿತ ಪಾಠ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ನಾಲ್ಕು ಮಾತುಗಳನ್ನು ಬರೆಯತಕ್ಕದ್ದೆಂಬ ವಾಡಿಕೆಯುಂಟು. ಆ ವಾಡಿಕೆಯ ಮೇರೆಗೆ ನಾವು ಹಿಂದಿನ ಸಂಚಿಕೆಗಳಲ್ಲಿ ಶಿಸ್ತು, ಸಮಯಪಾಲನೆ, ಪರೀಕ್ಷೆಯ ಫಲಿತಾಂಶ ಮುಂತಾದ ವಿಷಯಗಳನ್ನು ಕುರಿತು ಬರೆದಿದ್ದೇವೆ. ವಾಚಕರು ತಾಳ್ಮೆಯಿಂದ ಓದಿಯೂ ಇದ್ದಾರೆ. ಈ ಸಲ ಬೇರೊಂದು ಸಂಗತಿಯನ್ನು ಹೇಳಲು ಅಪ್ಪಣೆ ಬೇಡುತ್ತೇವೆ. ಕಳೆದ ಬೇಸಗೆಯ ರಜೆಯಲ್ಲಿ ನಾವು 15 ದಿವಸಗಳ ಕಾಲ ಒಂದು ಕರಕುಶಲ ಶಾಲೆಯಲ್ಲಿ, ಮಣ್ಣಿನ ಕೆಲಸದವರ ನಡುವೆ ಇದ್ದು ಬಂದೆವು. ಅಲ್ಲಿ ನಾವು ಉಪಾಧ್ಯಾಯಿನಿಯಾಗಿರಲಿಲ್ಲ. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಲ್ಲಿ ಮೂರು ತಿಂಗಳ ಮಟ್ಟಿಗೆ ನಿವಾಸಿ ಕಲಾವಿದೆಯಾಗಿದ್ದಳು. ಆಕೆಯ ಅತಿಥಿಯಾಗಿ ಹೋದೆವು, ಆಕೆಯ ಶಿಷ್ಯೆಯಾಗಿ ಹಿಂದಿರುಗಿದೆವು. ತನ್ನ ಹೆಸರನ್ನು ಇಲ್ಲಿ ಬರೆಯಬಾರದೆಂಬುದು ಆಕೆಯ ಅಪೇಕ್ಷೆ.

ಮೊದಲು ಒಂದು ಹಳೆಯ ಕಥೆಯನ್ನು ಹೇಳಬೇಕಾಗಿದೆ. ಇದು ನಮಗೆ ಭೂಷಣವಾದ ಕಥೆಯಲ್ಲ. ಹದಿನೇಳು ವರುಷಗಳ ಹಿಂದೆ ನಾವು ಒಂಬತ್ತನೆಯ ತರಗತಿಗೆ ಗಣಿತವನ್ನು ಕಲಿಸುತ್ತಿದ್ದೆವು. ತರಬೇತಿ ಕಾಲೇಜಿನಿಂದ ಹೊರಬಂದು ಕೆಲವೇ ವರುಷಗಳಾಗಿದ್ದುವು. ನಿಯಮವೆಂದರೆ ನಿಯಮವೆಂದು ಬಲವಾಗಿ ನಂಬಿದ್ದ ಕಾಲ ಅದು. ಕಿಟಕಿಯ ಬದಿಯಲ್ಲಿ ಕುಳಿತುಕೊಳ್ಳುತ್ತಿದ್ದ ಒಬ್ಬ ಹುಡುಗಿಗೆ ಲೆಕ್ಕದ ಮೇಲೆ ಮನಸ್ಸಿರಲಿಲ್ಲ. ಶಾಲೆಯ ಹಿಂದಿನ ಬಾವಿಯ ಹೂಳೆತ್ತಿದಾಗ ಬಂದ ಜೇಡಿಮಣ್ಣನ್ನು ಆಕೆ ಟಿಫಿನ್ ಡಬ್ಬಿಯಲ್ಲಿ ತಂದಿಟ್ಟುಕೊಂಡು, ಮೇಜಿನ ಕೆಳಗೆ ಸಣ್ಣ ಸಣ್ಣ ಪಾತ್ರೆಗಳನ್ನು ಮಾಡಿ, ಕಿಟಕಿಯ ಅಂಚಿನಲ್ಲಿ ಸಾಲಾಗಿ ಒಣಗಲಿಟ್ಟಿದ್ದಳು. ಒಂದು ದಿನ ನಾವು ಪಾಠವನ್ನು ನಿಲ್ಲಿಸಿ, ಎಲ್ಲರ ಎದುರಿನಲ್ಲಿ ಆ ಸಾಲನ್ನು ಡಸ್ಟರಿನಿಂದ ಒರಸಿ ಕಿಟಕಿಯ ಹೊರಕ್ಕೆ ಕೆಡವಿದೆವು. ಹುಡುಗಿಯರು ನಕ್ಕರು. ಆಕೆ ಅಳಲಿಲ್ಲ. ನಾವು ಕಪ್ಪು ಹಲಗೆಯ ಕಡೆಗೆ ತಿರುಗಿಕೊಂಡು ಲೆಕ್ಕವನ್ನು ಮುಂದುವರಿಸಿದೆವು. ಸಂಜೆಯ ಹೊತ್ತಿಗೆ ಅದನ್ನು ಮರೆತೂ ಬಿಟ್ಟೆವು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ಕನ್ನಡ ಬಲ್ಲವರೆಲ್ಲರೂ ಬಲ್ಲರು. ಆ ದಿನ ದೊಣ್ಣೆಯು ಯಾರ ಕೈಯಲ್ಲಿತ್ತೆಂಬುದನ್ನು ತಿಳಿಯಲು ನಮಗೆ ಹದಿನೇಳು ವರುಷಗಳು ಬೇಕಾದುವು.

ಕಳೆದ ಫೆಬ್ರವರಿಯಲ್ಲಿ ಆಕೆಯಿಂದ ಕಾಗದ ಬಂತು. ತಾನು ಮಣ್ಣಿನ ಕಲೆಯಲ್ಲಿ ಪದವಿಯನ್ನು ಪಡೆದು ಎಂಟು ವರುಷಗಳಿಂದ ಅದರಲ್ಲಿಯೇ ಜೀವನ ಮಾಡುತ್ತಿರುವುದಾಗಿಯೂ, ಪುದುಚ್ಚೇರಿಯ ಸಮೀಪದ ಒಂದು ಶಾಲೆಯಲ್ಲಿ ರೆಸಿಡೆನ್ಸಿ ದೊರಕಿರುವುದಾಗಿಯೂ, ರಜೆಯಲ್ಲಿ ನಾವು ಬಂದು ನೋಡಿದರೆ ತನಗೆ ಬಹಳ ಸಂತೋಷವೆಂದೂ ಬರೆದಿದ್ದಳು. ಕಿಟಕಿಯ ಸಂಗತಿ ಅದರಲ್ಲಿರಲಿಲ್ಲ.

ರೆಸಿಡೆನ್ಸಿ ಎಂದರೇನೆಂದು ನಮ್ಮ ಅನೇಕ ವಾಚಕರಂತೆ ನಾವೂ ಅರಿಯೆವು. ಅದು ವಿದ್ಯಾರ್ಥಿವೇತನವಲ್ಲ, ಉದ್ಯೋಗವೂ ಅಲ್ಲ. ಕಲಾವಿದರಿಗೆ ಇಂತಿಷ್ಟು ವಾರ ಅಥವಾ ತಿಂಗಳ ಮಟ್ಟಿಗೆ ಇರಲು ಕೋಣೆ, ಕೆಲಸಕ್ಕೆ ಸ್ಥಳ, ಮಣ್ಣು, ಆವಿಗೆ, ಜೊತೆಗೆ ಸಮಾನಾಸಕ್ತರ ಸಹವಾಸ ಇವುಗಳನ್ನು ಒದಗಿಸುವ ಏರ್ಪಾಡು. ನಮ್ಮ ವಿದ್ಯಾರ್ಥಿನಿಯು ಇದಕ್ಕೆ ಪ್ರತಿಯಾಗಿ ವಾರಕ್ಕೆ ಎರಡು ದಿನ ಹೊಸಬರಿಗೆ ಕಲಿಸಬೇಕು, ಆವಿಗೆಗೆ ಬೆಂಕಿ ಹಾಕುವಾಗ ಸರದಿಯ ಮೇಲೆ ದುಡಿಯಬೇಕು. ಉಳಿದ ಕಾಲವು ಆಕೆಯದೇ. ಇಷ್ಟು ಪಾತ್ರೆಗಳನ್ನು ಮಾಡಿ ಒಪ್ಪಿಸಬೇಕೆಂಬ ಕಟ್ಟಳೆಯಿಲ್ಲ.

ಈ ಪದ್ಧತಿಗೆ ಹೆಸರಾದ ಸ್ಥಳಗಳಲ್ಲೊಂದು ಅಮೆರಿಕದ ಮೊಂಟಾನಾ ಸಂಸ್ಥಾನದ ಹೆಲೆನಾ ಎಂಬ ಊರಿನಲ್ಲಿದೆ. ಅಲ್ಲಿ ಇಟ್ಟಿಗೆಯ ಕಾರ್ಖಾನೆಯನ್ನು ನಡೆಸುತ್ತಿದ್ದ ಆರ್ಚಿ ಬ್ರೇ ಎಂಬಾತನು 1951ರಲ್ಲಿ ತನ್ನ ಕಾರ್ಖಾನೆಯ ನೆಲದಲ್ಲಿಯೇ ಮಣ್ಣಿನ ಕಲಾವಿದರಿಗಾಗಿ ಒಂದು ಪ್ರತಿಷ್ಠಾನವನ್ನು ಆರಂಭಿಸಿದನು. ಪೀಟರ್ ವೋಲ್ಕಸ್, ರೂಡಿ ಆಟಿಯೊ ಎಂಬ ಇಬ್ಬರು ತರುಣರು ಇಟ್ಟಿಗೆಯ ಕೆಲಸಮಾಡುತ್ತಲೇ ಅದರ ಕಟ್ಟಡಕ್ಕೆ ಕೈಜೋಡಿಸಿ ಅಲ್ಲಿಯ ಮೊದಲ ನಿವಾಸಿಗಳಾದರು. 1952ರಲ್ಲಿ ಇಂಗ್ಲೆಂಡಿನ ಬರ್ನಾರ್ಡ್ ಲೀಚ್, ಜಪಾನಿನ ಶೋಜಿ ಹಮಾದ ಮತ್ತು ಸೋಯೆತ್ಸು ಯಾನಗಿ ಈ ಮೂವರು ಅಲ್ಲಿಗೆ ಹೋಗಿ ಕೆಲಸವನ್ನು ತೋರಿಸಿ ಮಾತನಾಡಿದರು. ಮರುವರುಷ ಬ್ರೇ ತೀರಿಕೊಂಡನು. ಇಟ್ಟಿಗೆಯ ಕಾರ್ಖಾನೆಯೂ ಮುಂದೆ ಮುಚ್ಚಿತು. ಆದರೆ ಆತನು ಬಿಟ್ಟುಕೊಟ್ಟ ಮೂಲೆಯು ಇಂದಿಗೂ ಕಲಾವಿದರಿಂದ ತುಂಬಿದೆ. ನಮ್ಮ ದೇಶದಲ್ಲಿ, 1919ರಲ್ಲಿ ಜಪಾನಿಗೆ ಹೋಗಿ ಈ ವಿದ್ಯೆಯನ್ನು ಕಲಿತು ಬಂದ ಗುರುಚರಣ ಸಿಂಗರು ದೆಹಲಿಯಲ್ಲಿ ದಾರಿ ಹಾಕಿದರು. ಪುದುಚ್ಚೇರಿಯಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ ಎಂಬ ಅಮೆರಿಕದವರಿಬ್ಬರು 1971ರಲ್ಲಿ ಗೋಲ್ಡನ್ ಬ್ರಿಜ್ ಪಾಟರಿಯನ್ನು ಸ್ಥಾಪಿಸಿದರು. ಅಲ್ಲಿ ಕಲಿತವರು ಸುತ್ತಮುತ್ತಲೂ ತಮ್ಮ ತಮ್ಮ ಆವಿಗೆಗಳನ್ನು ಕಟ್ಟಿದ್ದರಿಂದ ಆ ಸೀಮೆಯು ಈಗ ಮಣ್ಣಿನ ಕಲೆಗೆ ಹೆಸರಾಗಿದೆ.

ಆರ್ಚಿ ಬ್ರೇಯ ಕಥೆಯನ್ನು ಕೇಳಿದಾಗ ನಮಗೆ ನಮ್ಮ ಕರಾವಳಿಯ ಹಂಚಿನ ಕಾರ್ಖಾನೆಗಳು ನೆನಪಾಗದೆ ಇರಲಿಲ್ಲ. 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ದೊರೆಯವರು ಮಂಗಳೂರಿನ ಜೆಪ್ಪಿನಲ್ಲಿ ಮೊದಲ ಹಂಚಿನ ಕಾರ್ಖಾನೆಯನ್ನು ತೆರೆದರು. ಆ ಕೆಂಪು ಹಂಚಿನ ಕೆಳಗೆ ಹುಟ್ಟಿ ಬೆಳೆದವರು ನಾವು. ಹಂಚಿನ ಗುಣವೆಂದರೆ ಒಂದು ಮತ್ತೊಂದರಂತೆಯೇ ಇರುವುದು. ಅಚ್ಚಿನಿಂದ ಓರೆಯಾಗಿ ಬಂದದ್ದು ಮಾಡಿಗೆ ಹೊಂದದು, ಮಳೆ ಸೋರುವುದು. ಆದುದರಿಂದ ಓರೆಯಾದುದನ್ನು ತೆಗೆದಿಡುವವನೇ ಜಾಣ ಮೇಸ್ತ್ರಿ. ಉಪಾಧ್ಯಾಯಿನಿಯಾಗಿ ನಾವು ಇಷ್ಟು ಕಾಲ ಆ ಮೇಸ್ತ್ರಿಯ ಕಣ್ಣಿನಿಂದಲೇ ತರಗತಿಯನ್ನು ನೋಡುತ್ತಿದ್ದೆವಲ್ಲವೆ ಎಂಬ ಸಂಶಯವು ರೈಲಿನಲ್ಲಿ ಕುಳಿತಾಗಲೇ ನಮ್ಮನ್ನು ಹಿಡಿಯಿತು.

ಮೇ ತಿಂಗಳಿನ ಬಿಸಿಲು ಪೂರ್ವ ಕರಾವಳಿಯಲ್ಲಿ ನಮ್ಮ ಕಡೆಗಿಂತಲೂ ಬಿರುಸು. ಗಾಳಿಮರಗಳ ತೋಪಿನ ನಡುವೆ ಗರಿಯ ಮಾಡಿನ ಎರಡು ಉದ್ದದ ಚಾವಡಿಗಳು, ಒಂದು ಬಾವಿ, ಮಣ್ಣು ನೆನೆಹಾಕುವ ತೊಟ್ಟಿಗಳು, ಹಿಂದುಗಡೆಯಲ್ಲಿ ಇಟ್ಟಿಗೆಯ ದೊಡ್ಡ ಆವಿಗೆ. ಇಷ್ಟೇ ಆ ಶಾಲೆ. ಒಟ್ಟಿಗೆ ಹನ್ನೆರಡು ಮಂದಿ ಇದ್ದರು. ಗಂಟೆ ಬಾರಿಸುವವರಿಲ್ಲ, ಹಾಜರಿಯ ಪುಸ್ತಕವಿಲ್ಲ. ಆದರೂ ಬೆಳಗ್ಗೆ ಆರು ಗಂಟೆಗೆ ಎಲ್ಲರೂ ಕೆಲಸದಲ್ಲಿರುತ್ತಿದ್ದರು. ಇದು ಹೇಗೆ ಸಾಧ್ಯವೆಂದು ನಾವು ಮೂರು ದಿನ ಹುಡುಕಿದೆವು. ಸುಮ್ಮನಿದ್ದರೆ ಮಣ್ಣು ಒಣಗಿಹೋಗುವುದೆಂಬುದೇ ಅವರ ಗಂಟೆಯಾಗಿತ್ತು.

ಪ್ರವಾದಿಯಾದ ಯೆರೆಮೀಯನು ಕುಂಬಾರನ ಮನೆಗೆ ಹೋದುದನ್ನು ನಾವು ಪ್ರಾರ್ಥನಾಕೂಟದಲ್ಲಿ ಎಷ್ಟೋ ಸಲ ವಿವರಿಸಿದ್ದೇವೆ. ಹರಿಹರನು ರಗಳೆಯಲ್ಲಿ ಹಾಡಿದ ಕುಂಬಾರ ಗುಂಡಯ್ಯನ ವಿಷಯವನ್ನು ಕನ್ನಡದ ಉಪಾಧ್ಯಾಯಿನಿಯರು ಪಾಠ ಹೇಳುವುದನ್ನು ಕೇಳಿದ್ದೇವೆ. ಆದರೆ 46 ವರುಷಗಳಲ್ಲಿ ಒಂದು ಹಿಡಿ ಮಣ್ಣನ್ನು ಕಲಸಿದವರಲ್ಲ. ಎರಡನೆಯ ದಿನ ನಮ್ಮನ್ನು ತಿಗರಿಯ ಮುಂದೆ ಕುಳ್ಳಿರಿಸಿದರು. ನಮಗೆ ಕಲಿಸಿದವಳು ಹತ್ತೊಂಬತ್ತು ವರುಷದ ಒಬ್ಬ ಹುಡುಗಿ. ತಿರುಗುವ ತಿಗರಿಯ ಮೇಲೆ ಮಣ್ಣಿನ ಉಂಡೆಯನ್ನು ಅಲುಗಾಡದಂತೆ ನಡುವಿಗೆ ತರುವುದೇ ಮೊದಲ ಪಾಠ. ಅದು ಸರಿಯಾಗದೆ ಪಾತ್ರೆಯು ಏಳದು. ನೋಡುವವರಿಗೆ ಸುಲಭ, ನಮ್ಮ ಕೈಯಲ್ಲಿ ಉಂಡೆಯು ಒದ್ದೆಯಾದ ಮೀನಿನಂತೆ ಹೊರಳಿತು. ನಾವು ಬಲ ಹಾಕಿದಷ್ಟೂ ಅದು ನಮ್ಮ ಮೊಣಕೈಯನ್ನೇ ತಳ್ಳಿತು. ನಾಲ್ಕು ದಿನಗಳಲ್ಲಿ ಒಂದು ಲೋಟವೂ ಆಗಲಿಲ್ಲ. ಐದನೆಯ ದಿನ ಒಂದು ಬಟ್ಟಲೆದ್ದಿತು, ಎತ್ತುವಾಗ ಕುಸಿಯಿತು.

ಇಪ್ಪತ್ತು ವರುಷಗಳಿಂದ ಇತರರ ತಪ್ಪುಗಳನ್ನು ಕೆಂಪು ಶಾಯಿಯಿಂದ ಗುರುತಿಸಿದವರಿಗೆ ಇದು ಎಂಥ ಅನುಭವವೆಂದು ಹೇಳಲಾರೆವು. ಆ ಹುಡುಗಿ ನಮ್ಮನ್ನು ಗದರಿಸಲಿಲ್ಲ. ಸುಳ್ಳು ಹೊಗಳಿಕೆಯನ್ನೂ ಆಡಲಿಲ್ಲ. ಕುಸಿದ ಬಟ್ಟಲನ್ನು ತಂತಿಯಿಂದ ನಡುವೆ ಸೀಳಿ ತೋರಿಸಿ, “ನೋಡಿ ಟೀಚರ್, ತಳ ದಪ್ಪ ಇದೆ, ಗೋಡೆ ಇಲ್ಲಿ ತೆಳ್ಳಗಾಗಿದೆ,” ಎಂದಷ್ಟೇ ಹೇಳಿ, ಆ ಮಣ್ಣನ್ನು ತೊಟ್ಟಿಗೆ ಹಾಕಿದಳು. ಸಂಜೆಗೆ ಅದೇ ಮಣ್ಣು ಮತ್ತೆ ನಮ್ಮ ಮುಂದೆ ಬಂತು. ಹಸಿ ಮಣ್ಣಿನಲ್ಲಿ ಆದ ತಪ್ಪಿಗೆ ಆ ಶಾಲೆಯಲ್ಲಿ ದಂಡವಿರಲಿಲ್ಲ. ಸುಟ್ಟ ಮೇಲೆ ಮಾತ್ರ ಮಣ್ಣು ಮತ್ತೆ ಮಣ್ಣಾಗದು.

ಇನ್ನು ನಮ್ಮ ವಿದ್ಯಾರ್ಥಿನಿಯ ಕೆಲಸದ ಮಾತು. ನಮ್ಮ ಸೀಮೆಯ ಮನೆಗಳಲ್ಲಿ ಉಪ್ಪಿನಕಾಯಿ ಹಾಕಿಡುವ ಭರಣಿಗಳನ್ನು ಎಲ್ಲರೂ ಕಂಡಿದ್ದೇವೆ. ಆಕೆ ಆ ಭರಣಿಯ ಆಕಾರವನ್ನೇ ತೆಗೆದುಕೊಂಡು, ಸೊಂಟದೆತ್ತರದ ನಾಲ್ಕು ಭರಣಿಗಳನ್ನು ಕಟ್ಟುತ್ತಿದ್ದಳು. ಇಷ್ಟು ದೊಡ್ಡದನ್ನು ತಿಗರಿಯ ಮೇಲೆ ಒಂದೇ ಸಲಕ್ಕೆ ಎತ್ತಲಾಗದು. ಮಣ್ಣನ್ನು ಹಗ್ಗದಂತೆ ಹೊಸೆದು ಸುತ್ತು ಸುತ್ತಾಗಿ ಏರಿಸಿ, ಬೆರಳಿನಿಂದ ಬೆಸೆದು, ಮರದ ಹಲಗೆಯಿಂದ ತಟ್ಟಿ, ಕೆಳಗಿನ ಭಾಗವು ಮೇಲಿನ ಭಾರವನ್ನು ಹೊರುವಷ್ಟು ಬಿಗಿಯಾಗುವ ತನಕ ಕಾಯಬೇಕು. ಒಂದು ಭರಣಿಗೆ ಹತ್ತು ಹನ್ನೆರಡು ದಿನಗಳು ಹಿಡಿದುವು. ಮಣ್ಣು ಒಣಗುವಾಗಲೂ ಸುಡುವಾಗಲೂ ಕುಗ್ಗುವುದು. ಒಂದು ಅಡಿಯ ಎತ್ತರವು ಆವಿಗೆಯಿಂದ ಹೊರಬರುವಾಗ ಒಂದು ಅಂಗುಲಕ್ಕಿಂತ ಹೆಚ್ಚು ಕಡಿಮೆಯಾಗಿರುವುದು. ಅಂಚು ಬೇಗ, ತಳವು ತಡವಾಗಿ ಒಣಗುವುದು. ಆ ಎರಡರ ನಡುವೆ ಜಗಳ ಬಂದರೆ ಬಿರುಕು. ಆದುದರಿಂದ ಆಕೆ ಅಂಚುಗಳಿಗೆ ಒದ್ದೆ ಬಟ್ಟೆಯನ್ನು ಸುತ್ತಿ, ಬಾಣಂತಿಯ ಮಗುವನ್ನು ನೋಡಿಕೊಳ್ಳುವಂತೆ ರಾತ್ರಿ ಎದ್ದು ನೋಡುತ್ತಿದ್ದಳು.

ಎಂಟನೆಯ ದಿನ ಆವಿಗೆಯನ್ನು ತುಂಬಿದರು. ಭರಣಿಗಳ ಸಂಗಡ ಉಳಿದವರ ಪಾತ್ರೆಗಳೂ ಸೇರಿ ಇನ್ನೂರಕ್ಕೆ ಮೇಲ್ಪಟ್ಟ ಸಾಮಾನುಗಳಿದ್ದುವು. ಶಾಖವನ್ನು ತಿಳಿಯುವುದಕ್ಕೆ ಶಂಕುವಿನಾಕಾರದ ಸಣ್ಣ ಮಣ್ಣಿನ ತುಂಡುಗಳನ್ನು ಒಳಗೆ ನಿಲ್ಲಿಸುವರು. ನಿರ್ದಿಷ್ಟವಾದ ಬಿಸಿಯಲ್ಲಿ ಒಂದೊಂದು ಬಾಗುವುದು. ಬರ್ಲಿನ್ನಿನ ಹರ್ಮನ್ ಸೇಗರ್ ಎಂಬ ವಿದ್ವಾಂಸನು 1886ರಲ್ಲಿ ಹೊರತಂದ ಉಪಾಯವಿದು. ಬಾಗಿಲನ್ನು ಇಟ್ಟಿಗೆಯಿಂದ ಮುಚ್ಚಿ, ನೋಡಲು ಒಂದು ಕಿಂಡಿಯನ್ನು ಬಿಟ್ಟು, ಸಂಜೆ ಐದು ಗಂಟೆಗೆ ಗಾಳಿಮರದ ಸೌದೆಯಿಂದ ಸಣ್ಣ ಉರಿಯನ್ನು ಹಚ್ಚಿದರು. ಮೊದಲ ಗಂಟೆಗಳಲ್ಲಿ ಅವಸರ ಸಲ್ಲದು. ಮಣ್ಣಿನಲ್ಲಿ ಉಳಿದಿರುವ ನೀರು ಆವಿಯಾಗಿ ಮೆಲ್ಲನೆ ಹೊರಗೆ ಹೋಗಬೇಕು. ದಪ್ಪವಾದ ಭಾಗದಲ್ಲಿ ತೇವವಿದ್ದರೆ ಆ ಆವಿಯು ಹೊರಗೆ ಬರಲು ದಾರಿಯಿಲ್ಲದೆ ಪಾತ್ರೆಯನ್ನೇ ಒಡೆದುಬಿಡುವುದು.

ರಾತ್ರಿ ಒಂಬತ್ತು ಗಂಟೆಯ ಸುಮಾರಿಗೆ ಆವಿಗೆಯ ಒಳಗಿನಿಂದ ಮಂದವಾದ ಒಂದು ಶಬ್ದವು ಕೇಳಿಬಂತು. ದೂರದಲ್ಲಿ ತೆಂಗಿನಕಾಯಿ ಬಿದ್ದಂತೆ ಇತ್ತು. ಮಾತನಾಡುತ್ತಿದ್ದವರೆಲ್ಲರೂ ಸುಮ್ಮನಾದರು. ಒಬ್ಬರ ಮುಖವನ್ನೊಬ್ಬರು ನೋಡಿದರು. ಬಳಿಕ ಎಲ್ಲರೂ ಆಕೆಯನ್ನು ನೋಡಿದರು. ಆಕೆ ಕೈಯಲ್ಲಿದ್ದ ಕೊರಡನ್ನು ಒಲೆಯೊಳಗೆ ಇಟ್ಟು, ಮತ್ತೊಂದನ್ನು ತೆಗೆದುಕೊಂಡಳು.

“ಬಾಗಿಲನ್ನು ತೆಗೆದು ನೋಡಬಾರದೆ, ಮಗಳೇ?” ಎಂದು ಕೇಳಿದೆವು.

“ಆಗುವುದಿಲ್ಲ ಟೀಚರೇ. ಈಗ ತಣ್ಣನೆ ಗಾಳಿ ಹೊಕ್ಕರೆ ಉಳಿದವರದ್ದೂ ಹೋಗುತ್ತದೆ. ನನ್ನದು ಒಂದೇ ಅಲ್ಲವಲ್ಲ ಒಳಗೆ.”

ಇನ್ನು ಮೂವತ್ತು ಗಂಟೆಗಳ ಬೆಂಕಿ ಬಾಕಿಯಿತ್ತು. ಒಳಗೆ ತನ್ನ ಶ್ರಮವು ಒಡೆದಿದೆಯೆಂದು ತಿಳಿದೂ ಮೂವತ್ತು ಗಂಟೆಗಳ ಕಾಲ ಸೌದೆಯನ್ನು ಹಾಕುತ್ತಿರುವುದೆಂದರೆ ಏನೆಂಬುದನ್ನು ನಾವು ಅಲ್ಲಿ ಪಕ್ಕದಲ್ಲಿ ಕುಳಿತು ನೋಡಿದೆವು. ಆಕೆ ತನ್ನ ಸರದಿಯನ್ನು ಬಿಡಲಿಲ್ಲ. ಪಾತ್ರೆಯ ಮಣ್ಣಿನಲ್ಲಿರುವ ಬೆಣಚುಕಲ್ಲಿನ ಕಣಗಳು 573 ಡಿಗ್ರಿಯಲ್ಲಿ ಥಟ್ಟನೆ ಹಿಗ್ಗುವುವೆಂದು ಹೇಳಿ, ಆ ಮೆಟ್ಟಲನ್ನು ದಾಟುವ ತನಕ ಉರಿಯನ್ನು ತಡೆತಡೆದು ಏರಿಸಿದಳು. ಬೆಳಗಿನ ಹೊತ್ತಿಗೆ ಕಿಂಡಿಯೊಳಗೆ ಕೆಂಪು ಬಣ್ಣ ತೋರಿತು, ಮಧ್ಯಾಹ್ನಕ್ಕೆ ಕಿತ್ತಳೆ, ಮರುರಾತ್ರಿಗೆ ಕಣ್ಣು ಕೋರೈಸುವ ಬಿಳಿ. ಸೌದೆಯ ಬೂದಿಯು ಉರಿಯೊಡನೆ ಹಾರಿ ಪಾತ್ರೆಗಳ ಹೆಗಲ ಮೇಲೆ ಬಿದ್ದು, ಆ ಶಾಖದಲ್ಲಿ ಕರಗಿ ತಾನೇ ಗಾಜಾಗುವುದಂತೆ. ಒಲೆಗೆ ಗಾಳಿಯನ್ನು ಕಡಿಮೆಮಾಡಿದಾಗ ಹಸಿದ ಉರಿಯು ಮಣ್ಣಿನೊಳಗಿನ ಕಬ್ಬಿಣದಿಂದಲೇ ಪ್ರಾಣವಾಯುವನ್ನು ಎಳೆದುಕೊಳ್ಳುವುದು; ಕಂದಾಗಬೇಕಾದ ಕಬ್ಬಿಣವು ಆಗ ಬೂದುಹಸುರಾಗುವುದು.

ಆ ಎರಡನೆಯ ರಾತ್ರಿ ಎರಡು ಗಂಟೆಯ ಹೊತ್ತಿಗೆ ಒಲೆಯ ಮುಂದೆ ನಾವಿಬ್ಬರೇ ಇದ್ದೆವು. ನಾವು ಆ ಹಳೆಯ ಸಂಗತಿಯನ್ನೆತ್ತಿದೆವು. “ನೀನು ಒಂಬತ್ತನೆಯ ತರಗತಿಯಲ್ಲಿದ್ದಾಗ ಕಿಟಕಿಯಲ್ಲಿ ನಾಲ್ಕೈದು ಪಾತ್ರೆಗಳನ್ನು ಇಟ್ಟಿದ್ದೆ, ನಾನು ಕೆಡವಿದೆ. ನೆನಪಿದೆಯೆ?” ಎಂದೆವು.

ಆಕೆ ಉರಿಯನ್ನು ನೋಡುತ್ತಲೇ, “ಹನ್ನೊಂದು, ಟೀಚರೇ,” ಎಂದಳು.

ನಮಗೆ ಮುಂದೆ ಮಾತು ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಆಕೆಯೇ ಹೇಳಿದಳು: “ಸಂಜೆ ಹೋಗಿ ನೋಡಿದೆ. ಎರಡು ಒಡೆದಿರಲಿಲ್ಲ. ಮನೆಗೆ ತೆಗೆದುಕೊಂಡು ಹೋದೆ. ಅಜ್ಜಿ ಒಲೆಯ ಬೂದಿಯಲ್ಲಿ ಸುಟ್ಟುಕೊಟ್ಟರು. ಅವೂ ಒಡೆದವು. ಯಾಕೆ ಒಡೆದವು ಎಂದು ತಿಳಿಯಬೇಕೆಂದು ಅನಿಸಿತು. ಅಲ್ಲಿಂದಲೇ ಇದೆಲ್ಲ.” ಬಳಿಕ ನಕ್ಕು, “ಹಾಗೆಂದು ನೀವು ಮಾಡಿದ್ದು ಒಳ್ಳೆಯದಾಯಿತು ಎಂದು ತಿಳಿಯಬೇಡಿ,” ಎಂದಳು.

ಈ ಕೊನೆಯ ಮಾತನ್ನು ನಾವು ಬೇಕೆಂದೇ ಇಲ್ಲಿ ಬರೆದಿದ್ದೇವೆ. ಶಿಷ್ಯರು ಮುಂದೆ ಬಂದುದನ್ನು ಕಂಡು, ನಮ್ಮ ಗದರಿಕೆಯಿಂದಲೇ ಇವರು ಮುಂದೆ ಬಂದರೆಂದು ಹೇಳಿಕೊಳ್ಳುವ ಚಾಳಿಯು ಉಪಾಧ್ಯಾಯರಲ್ಲುಂಟು. ಒಬ್ಬಳು ಎದ್ದು ನಿಂತಳೆಂಬುದರಿಂದ ದೊಣ್ಣೆಗೆ ಪುಣ್ಯ ಬರಲಾರದು. ಹಾಗೆ ಎದ್ದು ನಿಲ್ಲದವರು ನಮಗೆ ಕಾಗದ ಬರೆಯುವುದಿಲ್ಲ. ಅವರ ಲೆಕ್ಕವು ನಮ್ಮ ಕೈಯಲ್ಲಿಲ್ಲ.

ನಡುರಾತ್ರಿ ಕಳೆದು ಮೂರು ಗಂಟೆಗೆ, ಸುಮಾರು 1300 ಡಿಗ್ರಿಯನ್ನು ತೋರಿಸುವ ಶಂಕುವು ಬಾಗಿತು. ಒಲೆಯ ಬಾಯಿಯನ್ನು ಮುಚ್ಚಿ ಮಣ್ಣು ಮೆತ್ತಿದರು. ಅದು ತಾನಾಗಿ ಆರಲು ಮೂರು ದಿನಗಳು ಬೇಕು. ಆ ದಿನಗಳಲ್ಲಿ ಯಾರೂ ಒಳಗೇನಾಗಿದೆಯೆಂದು ಊಹಿಸಿ ಮಾತನಾಡಲಿಲ್ಲ. ಆವಿಗೆಯ ಸುತ್ತಲೂ ಗುಡಿಸಿದರು, ಹೊಸ ಮಣ್ಣನ್ನು ನೆನೆಹಾಕಿದರು.

ಬಾಗಿಲಿನ ಇಟ್ಟಿಗೆಗಳನ್ನು ಒಂದೊಂದಾಗಿ ತೆಗೆದಾಗ ನಾವೂ ಹತ್ತಿರ ನಿಂತಿದ್ದೆವು. ಮೊದಲನೆಯ ಭರಣಿಯು ತಳದಲ್ಲಿ ಸಿಡಿದು ಪಕ್ಕದ್ದರ ಮೇಲೆ ಬಿದ್ದಿತ್ತು. ಅದರ ಪೆಟ್ಟಿಗೆ ಎರಡನೆಯದು ಹೆಗಲನ್ನು ಕಳೆದುಕೊಂಡಿತ್ತು. ಮೂರನೆಯದರ ತಳದಲ್ಲಿ ಕೂದಲಿನಂಥ ಒಂದು ಬಿರುಕು. ನಾಲ್ಕನೆಯದು ಮಾತ್ರ ಪೂರ್ಣವಾಗಿ ನಿಂತಿತ್ತು. ಅದರ ಹೆಗಲಿನಿಂದ ಕರಗಿದ ಬೂದಿಯು, ಮಳೆಗಾಲದ ಮೊದಲ ನೀರು ಗೋಡೆಯ ಮೇಲೆ ಇಳಿದಂತೆ, ಹಸುರಾಗಿ ಇಳಿದಿತ್ತು. ಇಷ್ಟೇ ಆಗಿದ್ದರೆ ಆಕೆಯ ನಷ್ಟ ಆಕೆಯದೆನ್ನಬಹುದಿತ್ತು. ಆದರೆ ಸಿಡಿದ ಚೂರುಗಳು ಕೆಳಗಿನ ಹಲಗೆಗೆ ಹಾರಿ, ಬಂಗಾಳದಿಂದ ಬಂದಿದ್ದ ಒಬ್ಬ ತರುಣನ ಹದಿನಾಲ್ಕು ಬಟ್ಟಲುಗಳೊಳಗೆ ಬಿದ್ದು, ಗಾಜಿನಂಥ ಲೇಪದೊಡನೆ ಕರಗಿ ಅಂಟಿಕೊಂಡಿದ್ದುವು. ಅವು ಆತನ ಒಂದು ತಿಂಗಳ ಕೆಲಸ.

ಆಕೆ ಆತನ ಬಳಿಗೆ ಹೋಗಿ, “ತಪ್ಪು ನನ್ನದು. ತಳ ಸರಿಯಾಗಿ ಒಣಗಿರಲಿಲ್ಲ. ನನಗೆ ಗೊತ್ತಿತ್ತು,” ಎಂದು ಎಲ್ಲರ ಮುಂದೆ ಇಂಗ್ಲಿಷಿನಲ್ಲಿ ಹೇಳಿದಳು. ಆತನು ಉತ್ತರ ಕೊಡದೆ ತೋಪಿನ ಕಡೆಗೆ ನಡೆದುಹೋದನು. ಮಧ್ಯಾಹ್ನದ ಊಟಕ್ಕೂ ಬರಲಿಲ್ಲ.

ಗೊತ್ತಿದ್ದೂ ಏಕೆ ಹಾಗೆ ಮಾಡಿದಳೆಂದು ನಾವು ಅಲ್ಲಿಯ ಹಿರಿಯರೊಬ್ಬರನ್ನು ಕೇಳಿದೆವು. ಅವರು ಸ್ವಲ್ಪ ತಡೆದು, ಆವಿಗೆಯನ್ನು ಹಚ್ಚಲು ಮೊದಲು ಗೊತ್ತುಮಾಡಿದ ದಿನ ಇನ್ನೂ ಐದು ದಿನಗಳಾಚೆಗೆ ಇತ್ತೆಂದೂ, ಬಾಗಿಲು ತೆಗೆಯುವ ಹೊತ್ತಿಗೆ ನಾವು ಊರಿಗೆ ಹೊರಟಿರುತ್ತೇವೆಂದು ಆಕೆಯೇ ಎಲ್ಲರನ್ನೂ ಒಪ್ಪಿಸಿ ಅದನ್ನು ಮುಂಚಿತವಾಗಿ ಹಾಕಿಸಿದಳೆಂದೂ ತಿಳಿಸಿದರು. ತನ್ನ ಉಪಾಧ್ಯಾಯಿನಿಗೆ ಪೂರ್ಣವಾದ ಕೆಲಸವನ್ನು ತೋರಿಸಬೇಕೆಂಬುದು ಆಕೆಯ ಆಸೆಯಾಗಿತ್ತು.

ಹದಿನೇಳು ವರುಷಗಳಾದ ಮೇಲೂ, ನಾವು ಒಂದು ಮಾತನ್ನೂ ಆಡದೆ, ಸುಮ್ಮನೆ ಒಂದು ಕುರ್ಚಿಯಲ್ಲಿ ಕುಳಿತಿದ್ದರಿಂದಲೇ ಆಕೆಯ ಕೈ ಅವಸರಪಟ್ಟಿತು. ಪರೀಕ್ಷಕರು ಎದುರಿಗಿರುವಾಗ ಮಕ್ಕಳು ಹಸಿಯಾದುದನ್ನೇ ಬೆಂಕಿಗೆ ಇಡುತ್ತಾರೆ. ಇದನ್ನು ನಾವು ತರಬೇತಿ ಕಾಲೇಜಿನ ಯಾವ ಪುಸ್ತಕದಲ್ಲಿಯೂ ಓದಿರಲಿಲ್ಲ.

ಸಂಜೆ ಎಲ್ಲರೂ ಸೇರಿದರು. ಒಡೆದವುಗಳನ್ನು ಚಾವಡಿಯ ನಡುವೆ ಹರಡಿ ಸುತ್ತಲೂ ಕುಳಿತರು. ಬಂಗಾಳದ ತರುಣನೂ ಬಂದು ಕುಳಿತನು. ಆತನ ಕಣ್ಣು ಕೆಂಪಾಗಿತ್ತು. ಒಬ್ಬೊಬ್ಬರು ಒಂದೊಂದು ಚೂರನ್ನು ಎತ್ತಿಕೊಂಡು ತಾವು ಕಂಡುದನ್ನು ಹೇಳಿದರು. ತಳದ ದಪ್ಪ ಎಷ್ಟು, ಸಿಡಿದ ಮೇಲ್ಮೈ ಹೇಗಿದೆ, ಮೂರನೆಯದರ ಬಿರುಕು ಒಣಗುವಾಗ ಬಂದುದೋ ಆರುವಾಗ ಬಂದುದೋ ಎಂಬಿಷ್ಟೇ ಮಾತು. ಬಿರುಕಿನ ಅಂಚು ಕರಗಿ ನುಣುಪಾಗಿದ್ದರೆ ಅದು ಬೆಂಕಿಗೆ ಮೊದಲೇ ಇದ್ದದ್ದು, ಹರಿತವಾಗಿದ್ದರೆ ಆರುವಾಗ ಆದದ್ದು ಎಂದು ನಾವು ಆಗ ಕಲಿತೆವು. ಆಕೆ ಎಲ್ಲವನ್ನೂ ನೋಟ್ ಪುಸ್ತಕದಲ್ಲಿ ಬರೆದುಕೊಂಡಳು. ಆ ತರುಣನು ಕೊನೆಯಲ್ಲಿ, ಅಂಟಿದ ಚೂರಿನ ಸುತ್ತಲೂ ಲೇಪದ ಬಣ್ಣ ಬದಲಾಗಿದೆಯೆಂದು ತನ್ನ ಬಟ್ಟಲೊಂದನ್ನು ತೋರಿಸಿದನು. ಅದನ್ನು ಆತನು ಕ್ಷಮೆಯೆಂದು ಕರೆಯಲಿಲ್ಲ, ನಾವೂ ಕರೆಯುವುದಿಲ್ಲ. ಆದರೆ ಮರುದಿನ ಬೆಳಗ್ಗೆ ಇಬ್ಬರೂ ಒಂದೇ ತೊಟ್ಟಿಯಲ್ಲಿ ಮಣ್ಣು ತುಳಿಯುತ್ತಿದ್ದರು. ಒಡೆದ ತುಂಡುಗಳನ್ನು ಗೋಡೆಯ ಮೇಲಿನ ಒಂದು ಉದ್ದದ ಹಲಗೆಯಲ್ಲಿ, ದಿನಾಂಕವನ್ನೂ ಕಾರಣವನ್ನೂ ಬರೆದ ಚೀಟಿಯೊಂದಿಗೆ ಇಟ್ಟರು. ಆ ಹಲಗೆಯಲ್ಲಿ ಆ ಶಾಲೆಯ ಹಿರಿಯರ ತುಂಡುಗಳೂ ಇದ್ದುವು.

ನಾವು ಊರಿಗೆ ಹಿಂದಿರುಗಿದಾಗ ಕಚೇರಿಯ ಮೇಜಿನ ಮೇಲೆ ಒಂದು ಕಾಗದವು ನಮ್ಮ ಅಂತಿಮ ಮಾತಿಗಾಗಿ ಕಾದಿತ್ತು. ನಮ್ಮ ಶಾಲೆಯ ಕೈಕೆಲಸದ ಕೋಣೆಯನ್ನು ತೆರವುಮಾಡಿ, ಅದನ್ನು ಎಸ್.ಎಸ್.ಎಲ್.ಸಿ. ವಿದ್ಯಾರ್ಥಿನಿಯರ ವಿಶೇಷ ಪಾಠಗಳಿಗೆ ಕೊಡತಕ್ಕದ್ದೆಂಬ ಸೂಚನೆಯದು. ಆ ಸೂಚನೆಯನ್ನು ಏಪ್ರಿಲಿನಲ್ಲಿ ಬರೆದವರು ನಾವೇ. ಅದರಲ್ಲಿ ಅನ್ಯಾಯವೇನೂ ಇರಲಿಲ್ಲ. ಹೆತ್ತವರು ಅಂಕಗಳಿಗಾಗಿ ಚಿಂತಿಸುವುದು ಸಹಜ. ಬಡ ಮನೆಯ ಹುಡುಗಿಗೆ ಅಂಕವೇ ಮುಂದಿನ ಬಾಗಿಲಿನ ಕೀಲಿಕೈ. ಅದನ್ನು ಹಗುರವಾಗಿ ಮಾತನಾಡುವ ಹಕ್ಕು ನಮಗಿಲ್ಲ. ಎರಡು ದಿನ ಯೋಚಿಸಿ, ಆಡಳಿತ ಮಂಡಳಿಯ ಮುಂದೆ ಹೋಗಿ, ಸೂಚನೆಯನ್ನು ಒಂದು ವರುಷದ ಮಟ್ಟಿಗೆ ತಡೆಹಿಡಿಯಬೇಕೆಂದು ಬೇಡಿಕೊಂಡೆವು. ವಿಶೇಷ ಪಾಠಗಳಿಗೆ ನಮ್ಮ ಕಚೇರಿಯ ಮುಂದಿನ ಕೋಣೆಯನ್ನು ಬಿಟ್ಟುಕೊಟ್ಟೆವು. ಮಂಡಳಿಯವರಲ್ಲಿ ಎಲ್ಲರೂ ಒಪ್ಪಿದರೆಂದು ಹೇಳಲಾರೆವು. ಒಂದು ವರುಷದ ಅವಧಿಯು ಮಾತ್ರ ದೊರಕಿದೆ.

ಈಗ ಪ್ರತಿ ಶನಿವಾರ ಎರಡು ಗಂಟೆಗಳ ಕಾಲ ಆ ಕೋಣೆಯಲ್ಲಿ ಮಣ್ಣಿನ ಕೆಲಸ ನಡೆಯುತ್ತಿದೆ. ಆವಿಗೆಯನ್ನು ಕಟ್ಟಿಸುವ ಶಕ್ತಿ ನಮಗಿಲ್ಲ. ಹುಡುಗಿಯರು ಮಾಡಿದುದನ್ನು ಸಮೀಪದ ಕುಂಬಾರರೊಬ್ಬರು ತಮ್ಮ ಆವಿಗೆಯಲ್ಲಿ ಸುಟ್ಟುಕೊಡುತ್ತಾರೆ. ಅಂಕವಿಲ್ಲ, ಬಹುಮಾನವಿಲ್ಲ. ನಾವು ಕೋಣೆಯ ಒಳಗೆ ಕುಳಿತುಕೊಳ್ಳುವುದಿಲ್ಲ. ಗೋಡೆಗೆ ಒಂದು ಹಲಗೆಯನ್ನು ಹೊಡೆಸಿದ್ದೇವೆ. ಒಡೆದವುಗಳನ್ನು ಅಲ್ಲಿ ಕಾರಣ ಬರೆದು ಇಡುತ್ತಾರೆ. ಮೊದಲನೆಯದಾಗಿ ಅಲ್ಲಿಟ್ಟದ್ದು ಹೊರಡುವ ದಿನ ನಾವು ಕೇಳಿ ತಂದ ಒಂದು ಚೂರು. ಅದರ ಚೀಟಿಯಲ್ಲಿ, ಆಕೆಯ ಒಪ್ಪಿಗೆಯನ್ನು ಪಡೆದು, “ತಳ ಒಣಗಿರಲಿಲ್ಲ, ಅತಿಥಿಗಾಗಿ ಅವಸರಪಟ್ಟದ್ದು” ಎಂದು ಬರೆದಿದ್ದೇವೆ.

ನಮ್ಮ ವಿದ್ಯಾರ್ಥಿನಿಯು ಬರುವ ಡಿಸೆಂಬರಿನಲ್ಲಿ ಮೂರು ವಾರ ನಮ್ಮ ಶಾಲೆಯಲ್ಲಿ ಉಳಿದು ಕೆಲಸಮಾಡಲು ಒಪ್ಪಿದ್ದಾಳೆ. ಅದನ್ನು ರೆಸಿಡೆನ್ಸಿ ಎಂದು ಕರೆಯುವಷ್ಟು ಸೌಕರ್ಯ ನಮ್ಮಲ್ಲಿಲ್ಲ. ಒಂದು ಕೋಣೆ, ಎರಡು ಹೊತ್ತು ಊಟ, ಬಾವಿಯ ಹಿಂದಿನ ಮಣ್ಣು, ಇವು ಇವೆ. ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರಿಗಾದರೂ ಒಂದು ತಿಗರಿಯನ್ನು ಕೊಡಿಸುವ ಮನಸ್ಸಾದರೆ ಕೃತಜ್ಞತೆಯಿಂದ ಸ್ವೀಕರಿಸುತ್ತೇವೆ. ಮತ್ತು ನಮ್ಮ ತರಗತಿಗಳಲ್ಲಿ ಕಿಟಕಿಯ ಬದಿಯಲ್ಲಿ ಕುಳಿತಿದ್ದು, ನಮ್ಮ ಕೈಯಿಂದ ಏನನ್ನಾದರೂ ಕಳೆದುಕೊಂಡವರು ಇದನ್ನು ಓದುತ್ತಿದ್ದರೆ, ಒಂದು ಕಾಗದ ಬರೆಯಬೇಕೆಂದು ಬೇಡುತ್ತೇವೆ. ಎಷ್ಟು ಇದ್ದುವೆಂದು ನಮಗೆ ನೆನಪಿಲ್ಲ, ಅವರಿಗೆ ನೆನಪಿರಬಹುದು.